ಘಾಟ್ಕೋಪರಿನ ಕಲ್ಲಚ್ಚು ಮತ್ತು ಹದಿನಾರರ ಹುಡುಗಿ

ಘಾಟ್ಕೋಪರ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಮುಂಬೈಯಲ್ಲಿ ನಾಲ್ಕು ದಿನ ದುಡಿದು ಬಂದವರಾದರೆ ಸೆಂಟ್ರಲ್ ಲೈನಿನ ನೂಕುನುಗ್ಗಲು, ವರ್ಸೋವಾ ಕಡೆಗೆ ಹೊರಡುವ ಮೆಟ್ರೋ, ಗುಡ್ಡದ ಮೈಗೆ ಅಂಟಿಕೊಂಡ ಸಣ್ಣ ಸಣ್ಣ ಮನೆಗಳು, ನಮ್ಮೂರಿನವರ ಹೋಟೆಲುಗಳು ನೆನಪಾಗಬಹುದು. ಚಿತ್ರಕಲೆ ಮಾತ್ರ ಯಾರಿಗೂ ನೆನಪಾಗಲಿಕ್ಕಿಲ್ಲ. ಆದರೆ ಭಾರತದ ಹರೆಯದ ಹುಡುಗಿ ನೋಡಲಿಕ್ಕೆ ಹೇಗಿರಬೇಕು, ಹೇಗೆ ನಿಲ್ಲಬೇಕು, ಎಲ್ಲಿ ಕಣ್ಣು ತಗ್ಗಿಸಬೇಕು ಅಂತ ಕೋಟ್ಯಂತರ ಜನರ ತಲೆಯಲ್ಲಿ ಕೂತ ಒಂದು ಚಿತ್ರವಿದೆಯಲ್ಲ, ಅದು ಸಾವಿರಗಟ್ಟಲೆ ಪ್ರತಿಗಳಾಗಿ ಅಚ್ಚಾಗಲು ಶುರುವಾದದ್ದು ಇದೇ ಊರಿನ ಹೆಸರಿನೊಂದಿಗೆ ಸೇರಿಕೊಂಡಿರುವ ಒಂದು ಮುದ್ರಣಾಲಯದಲ್ಲಿ.

ಅದು ರಾಜಾ ರವಿವರ್ಮನ ಕಲ್ಲಚ್ಚಿನ ಪ್ರೆಸ್ಸು. 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಘಾಟ್ಕೋಪರಿನಲ್ಲಿ ನಡೆದ ಈ ಪ್ರೆಸ್ಸು 1899ರಲ್ಲಿ ಲೋನಾವಳಾ ಬಳಿಯ ಮಳವಲಿಗೆ ಸ್ಥಳಾಂತರವಾಯಿತು. 1896ರಲ್ಲಿ ಮುಂಬೈಗೆ ಪ್ಲೇಗು ಬಂದು ನಗರ ಖಾಲಿಯಾಗುತ್ತಿದ್ದ ಕಾಲ ಅದು. ಅಂದರೆ ಘಾಟ್ಕೋಪರಿನ ಪಾಲಿಗೆ ಸಿಕ್ಕಿದ್ದು ಕೆಲವೇ ವರ್ಷಗಳು. ಆ ಕೆಲವು ವರ್ಷಗಳಲ್ಲಿ ಆದ ಕೆಲಸ ಮಾತ್ರ ಇನ್ನೂ ನಮ್ಮ ನಿಮ್ಮ ಕಣ್ಣುಗಳಲ್ಲಿ ನಡೆಯುತ್ತಲೇ ಇದೆ.

ಕಲ್ಲಚ್ಚು ಅಂದರೇನು ಅಂತ ಸ್ವಲ್ಪ ಹೇಳಬೇಕು. ಜರ್ಮನಿಯ ಬವೇರಿಯಾದಲ್ಲಿ ಸಿಗುವ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆಯುತ್ತಾರೆ. ನೀರು ಮತ್ತು ಎಣ್ಣೆ ಬೆರೆಯುವುದಿಲ್ಲ ಅನ್ನುವುದಷ್ಟೇ ಇದರ ಗುಟ್ಟು. ಕಲ್ಲಿಗೆ ನೀರು ಸವರಿ ಬಣ್ಣ ಉರುಳಿಸಿದರೆ, ಜಿಡ್ಡಿದ್ದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಸೀರೆಯ ಕೆಂಪಿಗೆ ಒಂದು, ಕೆನ್ನೆಯ ಗುಲಾಬಿಗೆ ಒಂದು, ಹಿಂದಿನ ಕಾಡಿನ ಹಸಿರಿಗೆ ಮತ್ತೊಂದು. ಒಂದೇ ಹಾಳೆ ಇಷ್ಟೂ ಕಲ್ಲುಗಳ ಮೇಲೆ ಸರದಿಯಾಗಿ ಹೋಗಿ ಬರಬೇಕು. ಒಂದು ಕೂದಲೆಳೆ ಸರಿದರೂ ಹುಡುಗಿಯ ತುಟಿ ಗಲ್ಲದ ಮೇಲೆ ಬಂದು ಕೂರುತ್ತದೆ! ಈ ಕೆಲಸ ಬಲ್ಲವರು ಆಗ ಇಲ್ಲಿ ಕಡಿಮೆ. ಜರ್ಮನಿಯಿಂದಲೇ ತಂತ್ರಜ್ಞರು ಬಂದರು. ಅವರಲ್ಲಿ ಒಬ್ಬನಾದ ಫ್ರಿಟ್ಜ್ ಶ್ಲೈಷರ್, ಸಾಲದಲ್ಲಿ ಮುಳುಗಿದ ಪ್ರೆಸ್ಸನ್ನು 1901ರಲ್ಲಿ ತಾನೇ ಕೊಂಡುಕೊಂಡ.

ಅಲ್ಲಿಯ ಮೊದಲ ಮುದ್ರಣ 'ಶಕುಂತಲೆಯ ಜನನ' ಎನ್ನುತ್ತಾರೆ. ಆದರೆ ಜನರ ಮನಸ್ಸಿನಲ್ಲಿ ನಿಂತವಳು ಹುಟ್ಟಿದ ಕೂಸು ಶಕುಂತಲೆಯಲ್ಲ, ಪ್ರಾಯಕ್ಕೆ ಬಂದ ಶಕುಂತಲೆ. ಆ ಚಿತ್ರ ನೀವು ನೋಡಿಯೇ ಇರುತ್ತೀರಿ. ಕಾಲಿಗೆ ಮುಳ್ಳು ಚುಚ್ಚಿದೆ ಎಂಬ ನೆಪ ಮಾಡಿಕೊಂಡು ಹುಡುಗಿ ಹಿಂತಿರುಗಿ ನೋಡುತ್ತಿದ್ದಾಳೆ. ಗೆಳತಿಯರಿಗೆ ವಿಷಯ ಗೊತ್ತಾಗಿದೆ. ದುಷ್ಯಂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನ ಜಾಗದಲ್ಲಿ ಯಾರಿದ್ದಾರೆ? ನೋಡುತ್ತಿರುವ ನೀವು, ನಾನು. ಹದಿಹರೆಯ ಅಂದರೆ ಯಾರಿಗೋ ಕಾಯುವುದು, ಕಾಯುತ್ತಿಲ್ಲ ಅಂತ ನಟಿಸುವುದು, ಮತ್ತು ಅದನ್ನು ಯಾರೋ ನೋಡಿ ಆನಂದಿಸುವುದು. ಈ ಮೂರೂ ಒಂದೇ ಹಾಳೆಯಲ್ಲಿ ಅಚ್ಚಾಗಿ ಮನೆಮನೆಗೆ ಹೋಯಿತು.

ಇಲ್ಲಿ ಒಂದು ಮಾತು ಗಮನಿಸಿ. ಕಾಳಿದಾಸನ ನಾಟಕದಲ್ಲಿ ಶಕುಂತಲೆಗೆ ಇದೊಂದೇ ಮುಖವಲ್ಲ. ಐದನೇ ಅಂಕದಲ್ಲಿ ಅವಳು ತುಂಬಿದ ರಾಜಸಭೆಯಲ್ಲಿ ನಿಂತು, ತನ್ನನ್ನು ಗುರುತೇ ಇಲ್ಲ ಎನ್ನುವ ರಾಜನನ್ನು ಮುಖಕ್ಕೆ ಮುಖ ಕೊಟ್ಟು ಜರೆಯುತ್ತಾಳೆ. ಕ್ಯಾಲೆಂಡರುಗಳಲ್ಲಿ ಮನೆಮಾತಾದ ಶಕುಂತಲೆಗೆ ಆ ಸಿಟ್ಟು ಬರಲಿಲ್ಲ. ಅವಳು ಮುಳ್ಳು ತೆಗೆಯುತ್ತಲೇ ಉಳಿದಳು.

ಈಗ ಅದೇ 1894ನೇ ಇಸವಿಗೆ ವಾಪಸು ಬನ್ನಿ. ಆ ವರ್ಷ ಇನ್ನೂ ಎರಡು ಸಂಗತಿಗಳು ನಡೆದವು. ಒಂದು ನಮ್ಮ ಮೈಸೂರು ಸಂಸ್ಥಾನದಲ್ಲಿ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಅಂತ ಸಂಸ್ಥಾನ ಕಾನೂನು ತಂದಿತು. ಎಂಟು ವರ್ಷ! ಅದನ್ನು ತರಲಿಕ್ಕೂ ದೊಡ್ಡ ಗಲಾಟೆ ಎದುರಿಸಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ಅಂತ ಲೆಕ್ಕ ಹಾಕಿ. ಬ್ರಿಟಿಷ್ ಭಾರತದಲ್ಲಿ ಮೂರು ವರ್ಷ ಮೊದಲು, 1891ರಲ್ಲಿ, ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ದೇಶವಿಡೀ ಕಿತ್ತಾಟ ನಡೆದಿತ್ತು.

ಇನ್ನೊಂದು ಸಂಗತಿ ರುಕ್ಮಾಬಾಯಿಯದು. ಮುಂಬೈಯ ಈ ಹುಡುಗಿಗೆ ಹನ್ನೊಂದನೇ ವಯಸ್ಸಿನಲ್ಲಿ ಮದುವೆಯಾಗಿತ್ತು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗುವುದಿಲ್ಲ ಎಂದಳು. ಗಂಡ 1884ರಲ್ಲಿ ಕೋರ್ಟಿಗೆ ಹೋದ. 1887ರಲ್ಲಿ ತೀರ್ಪು ಬಂತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಜೈಲಿಗೇ ಹೋಗುತ್ತೇನೆ ಎಂದಳು ಆಕೆ. 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಮರುವರ್ಷ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, 1894ರಲ್ಲಿ ಡಾಕ್ಟರ್ ಆದಳು. ಮೊಕದ್ದಮೆಯ ನಡುವೆ ಅವಳು ಬಾಲ್ಯವಿವಾಹದ ವಿರುದ್ಧ ಪತ್ರಿಕೆಗೆ ಪತ್ರ ಬರೆದಾಗ ಸಹಿ ಹಾಕಿದ್ದು 'ಒಬ್ಬ ಹಿಂದೂ ಮಹಿಳೆ' ಅಂತ. ಹೆಸರಿಲ್ಲ, ಮುಖವಿಲ್ಲ.

ಅಂದರೆ ಒಂದೇ ಊರು, ಒಂದೇ ಕಾಲ. ಒಂದು ಕಡೆ ಮುಖವಿಲ್ಲದೆ ಮಾತಾಡಿದ ಹುಡುಗಿ. ಇನ್ನೊಂದು ಕಡೆ ಮಾತಿಲ್ಲದೆ ಮುಖವಷ್ಟೇ ಆಗಿ ಸಾವಿರಾರು ಪ್ರತಿಗಳಲ್ಲಿ ಮಾರಾಟವಾದ ಹುಡುಗಿ. ನಮ್ಮ ಅಜ್ಜ ಅಜ್ಜಿಯರ ಮನೆ ಗೋಡೆಗೆ ಬಂದದ್ದು ಎರಡನೆಯವಳು.

ರವಿವರ್ಮನನ್ನು ದೂರುವುದು ನನ್ನ ಉದ್ದೇಶವಲ್ಲ. ಅವನೂ ತನ್ನ ಕಾಲದ ಮನುಷ್ಯ. 1866ರಲ್ಲಿ ಅವನ ಮದುವೆಯಾದಾಗ ಅವನಿಗೆ ಹದಿನೆಂಟು, ವಧುವಿಗೆ ಹನ್ನೆರಡು. ಅರಮನೆಗಳಲ್ಲಿ ಮಾತ್ರ ಇದ್ದ ಚಿತ್ರಕಲೆಯನ್ನು ಬಡವನ ಗುಡಿಸಲಿಗೆ ತಂದವನು ಅವನು. ದೇವಸ್ಥಾನದ ಒಳಗೆ ಕಾಲಿಡಲು ಬಿಡದಿದ್ದ ಜನರಿಗೂ ದೇವರ ಮುಖ ನೋಡಲು ಸಿಕ್ಕಿದ್ದು ಇಂಥ ಅಗ್ಗದ ಪಟಗಳಿಂದ. ಇದು ಸಣ್ಣ ಮಾತಲ್ಲ. ಆದರೆ ಅಚ್ಚಿನ ಯಂತ್ರಕ್ಕೆ ಒಂದು ಗುಣವಿದೆ. ಅದು ಒಂದನ್ನೇ ಸಾವಿರ ಮಾಡುತ್ತದೆ, ಸಾವಿರವನ್ನು ಒಂದೇ ಮಾಡುತ್ತದೆ.

ಸ್ಟೀರಿಯೋಟೈಪ್ ಅನ್ನುವ ಇಂಗ್ಲಿಷ್ ಪದವನ್ನು ನಾವೆಲ್ಲ ಬಳಸುತ್ತೇವೆ. ಅದು ಹುಟ್ಟಿದ್ದೇ ಅಚ್ಚುಕೂಟದಲ್ಲಿ. ಜೋಡಿಸಿಟ್ಟ ಮೊಳೆಗಳ ಮೇಲೆ ಅಚ್ಚು ಒತ್ತಿ, ಅದಕ್ಕೆ ಲೋಹ ಎರೆದು ತೆಗೆಯುವ ಗಟ್ಟಿ ಫಲಕಕ್ಕೆ ಆ ಹೆಸರು. ಕನ್ನಡದಲ್ಲಿ ಪಡಿಯಚ್ಚು ಎನ್ನಬಹುದು. ಒಮ್ಮೆ ಎರಕವಾದರೆ ಒಂದಕ್ಷರ ತಿದ್ದಲಿಕ್ಕೂ ಬರುವುದಿಲ್ಲ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಈ ಪದವನ್ನು ಮನುಷ್ಯರ ತಲೆಯೊಳಗಿನ ಸಿದ್ಧ ಚಿತ್ರಗಳಿಗೆ ಬಳಸಿದ. 'ಅಡಾಲಸೆನ್ಸ್' ಎಂಬ ಹೆಸರಿನಲ್ಲಿ ಸ್ಟ್ಯಾನ್ಲಿ ಹಾಲ್ ಎರಡು ದಪ್ಪ ಸಂಪುಟಗಳನ್ನು ಪ್ರಕಟಿಸಿದ್ದು 1904ರಲ್ಲಿ. ಹದಿಹರೆಯ ಅಂದರೆ ಬಿರುಗಾಳಿಯ ಕಾಲ ಅಂತ ಅವನ ವಾದ. ಅದೇ ಹೊತ್ತಿಗೆ ರವಿವರ್ಮ ಮೈಸೂರಿನ ಅರಮನೆಗಾಗಿ ತನ್ನ ಕೊನೆಯ ದೊಡ್ಡ ಪುರಾಣ ಚಿತ್ರಗಳನ್ನು ಬರೆಯುತ್ತಿದ್ದ. ಪಶ್ಚಿಮದಲ್ಲಿ ಹದಿಹರೆಯಕ್ಕೆ ಸಿಕ್ಕ ಪಡಿಯಚ್ಚು ಬಿರುಗಾಳಿ. ನಮ್ಮಲ್ಲಿ ಸಿಕ್ಕಿದ್ದು ನಾಚಿಕೆ. ಎರಡರಲ್ಲೂ ಆ ವಯಸ್ಸಿನವರನ್ನು ಯಾರೂ ಏನೂ ಕೇಳಿರಲಿಲ್ಲ.

ಚಿತ್ರದ ಹಿಂದಿನ ನಿಜವಾದ ಹುಡುಗಿ ಯಾರು? ಒಬ್ಬರ ಕಥೆ ನಮಗೆ ಗೊತ್ತಿದೆ. ಅಂಜನಿಬಾಯಿ ಮಾಲ್ಪೇಕರ್, 1883ರಲ್ಲಿ ಗೋವಾದ ಕಲಾವಂತ ಕುಟುಂಬವೊಂದರಲ್ಲಿ ಹುಟ್ಟಿದವರು. ರವಿವರ್ಮನಿಗೂ, ಮುಂಬೈಯ ಇನ್ನೊಬ್ಬ ದೊಡ್ಡ ಚಿತ್ರಕಾರ ಎಂ.ವಿ. ಧುರಂಧರರಿಗೂ ರೂಪದರ್ಶಿಯಾಗಿದ್ದವರು. ಚಿತ್ರ ನೋಡಿದವರಿಗೆ ಕಂಡದ್ದು ಚೆಲುವು. ಆದರೆ ಎಂಟನೇ ವಯಸ್ಸಿನಿಂದ ಆಕೆ ಮಾಡುತ್ತಿದ್ದ ಕೆಲಸವೇ ಬೇರೆ. ಮೊರಾದಾಬಾದ್ ಕಡೆಯಿಂದ ಮುಂಬೈಗೆ ಬಂದು ಭೇಂಡಿ ಬಜಾರಿನ ಹತ್ತಿರ ನೆಲೆಸಿದ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಎಂಬ ಮೂವರು ಸಹೋದರರ ಹೆಸರು ನೀವು ಕೇಳಿರಬಹುದು. ಹಿಂದೂಸ್ತಾನಿ ಸಂಗೀತದ ಭೇಂಡಿ ಬಜಾರ್ ಘರಾಣೆ ಅವರಿಂದ ಬಂದದ್ದು. ಅಂಜನಿಬಾಯಿ ಉಸ್ತಾದ್ ನಜೀರ್ ಖಾನರ ಶಿಷ್ಯೆ. ವರ್ಷಗಟ್ಟಲೆ ಸ್ವರ ತಿದ್ದಿ, ಉಸಿರು ಹಿಡಿದು ಕಲಿತು, 1899ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಮೊದಲ ಸಲ ಸಭೆಯಲ್ಲಿ ಹಾಡಿದರು.

ಹದಿನಾರು! ಚಿತ್ರಗಳಲ್ಲಿ ಆ ವಯಸ್ಸು ಅಂದರೆ ಕಾಯುವ ವಯಸ್ಸು. ಈ ಹುಡುಗಿಗೆ ಅದು ಎಂಟು ವರ್ಷದ ದುಡಿಮೆಯನ್ನು ಜನರ ಮುಂದಿಡುವ ವಯಸ್ಸು. ಆದರೆ ಹಾಡಿಗಿಂತ ರೂಪವನ್ನೇ ಹಿಂಬಾಲಿಸಿ ಬಂದ ಗಂಡಸರ ಕಾಟ ಅವರನ್ನು ಬಿಡಲಿಲ್ಲ. 1920ರ ದಶಕದಲ್ಲಿ, ಇನ್ನೂ ಹಾಡುವ ಶಕ್ತಿ ತುಂಬಿರುವಾಗಲೇ, ಅವರು ಕಛೇರಿಗಳನ್ನು ಬಿಟ್ಟು ಕಲಿಸುವುದಕ್ಕೆ ಕೂತರು. ಅವರ ಹತ್ತಿರ ಕಲಿತವರಲ್ಲಿ ನಮ್ಮ ಬೆಳಗಾವಿ ಕಡೆಯ ಸುಳೇಭಾವಿಯ ಹುಡುಗ ಶಿವಪುತ್ರ, ಅಂದರೆ ಕುಮಾರ ಗಂಧರ್ವರೂ ಒಬ್ಬರು. 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಪಡೆದ ಮೊದಲ ಮಹಿಳೆ ಅಂಜನಿಬಾಯಿ. ಈ ಮುದುಕಿಯ, ಈ ಗುರುವಿನ ಚಿತ್ರ ಯಾರ ಮನೆಯ ಕ್ಯಾಲೆಂಡರಿನಲ್ಲೂ ಇಲ್ಲ.

ಹುಡುಗರ ಕಥೆ ಏನು ಅಂತ ನೀವು ಕೇಳಬಹುದು. ಕೇಳಲೇಬೇಕು. ಕಲ್ಲಚ್ಚಿನ ಲೋಕದಲ್ಲಿ ಗಂಡುಮಕ್ಕಳಿಗೆ ಹದಿಹರೆಯವೇ ಇಲ್ಲ. ಬೆಣ್ಣೆ ಕದಿಯುವ ಬಾಲಕೃಷ್ಣನಿದ್ದಾನೆ, ಆಮೇಲೆ ಒಮ್ಮೆಲೇ ಬಿಲ್ಲು ಹಿಡಿದ ರಾಮನಿದ್ದಾನೆ. ನಡುವಿನ ಚಿಗುರುಮೀಸೆಯ ಹುಡುಗ ಎಲ್ಲಿ? ಅವನು ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದ ಹನ್ನೆರಡು ಹದಿಮೂರರ ಮಾಣಿಗಳು, ಗೋದಿಯಲ್ಲಿ, ಅಂಗಡಿಗಳಲ್ಲಿ ಕೆಲಸಕ್ಕೆ ನಿಂತ ಬ್ಯಾರಿ ಹುಡುಗರು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವರು. ಗಲ್ಲಾದ ಮೇಲಿನ ಗೋಡೆಯಲ್ಲಿ ಬಣ್ಣಬಣ್ಣದ ಲಕ್ಷ್ಮಿ, ಕೆಳಗೆ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುವ ಹುಡುಗ. ಅವನನ್ನು ಯಾರೂ ಚಿತ್ರ ಬರೆಯಲಿಲ್ಲ.

ಒಂದು ಸಲ ಮಾತ್ರ ಅಂಥವನೊಬ್ಬ ಚಿತ್ರದೊಳಗೆ ಬಂದ. ಬಂದದ್ದು ಹುಡುಗಿಯಾಗಿ! ರವಿವರ್ಮನ ಪ್ರೆಸ್ಸಿನಲ್ಲಿ ಕೆಲಸ ಮಾಡಿ ಚಿತ್ರಮುದ್ರಣ ಬಲ್ಲವರಾಗಿದ್ದ ದಾದಾಸಾಹೇಬ್ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ಸಿನಿಮಾ ಮಾಡಿದರು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪಲಿಲ್ಲ. ಕೊನೆಗೆ ಗ್ರ್ಯಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ನಾಜೂಕು ಮೈಕಟ್ಟಿನ ಯುವಕನಿಗೆ ಸೀರೆ ಉಡಿಸಿದರು. 1917ರ 'ಲಂಕಾ ದಹನ'ದಲ್ಲಿ ಅವನೇ ರಾಮ, ಅವನೇ ಸೀತೆ. 1919ರ 'ಕಾಲಿಯಾ ಮರ್ದನ'ದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ ಕೃಷ್ಣನಾದಳು. ಸ್ವಲ್ಪ ಯೋಚನೆ ಮಾಡಿ. ಕಲ್ಲಚ್ಚು ಎರಕ ಹೊಯ್ದ 'ಹೆಣ್ಣಿನ ನಾಚಿಕೆ'ಯನ್ನು ಒಬ್ಬ ಹೋಟೆಲ್ ಹುಡುಗ ಕಲಿತು ಮಾಡಿ ತೋರಿಸಿದ, ಜನ ನಂಬಿದರು. ಹಾಗಾದರೆ ಆ ನಾಚಿಕೆ ಹುಟ್ಟುಗುಣವೋ, ಕಲಿತ ಪಾಠವೋ?

ಈ ಪಾಠವನ್ನು ಬೇರೆ ರೀತಿ ನೋಡಿದ ಕಲಾವಿದೆಯೂ ಇದ್ದಳು. ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ 'ಮೂವರು ಹುಡುಗಿಯರು' ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಅಲ್ಲಿಯೂ ಹರೆಯದ ಹುಡುಗಿಯರೇ, ಅಲ್ಲಿಯೂ ಕಣ್ಣು ಕೆಳಗೇ ಇದೆ. ಆದರೆ ಅದು ನಾಚಿಕೆಯಲ್ಲ. ಮುಂದೇನು ಅಂತ ಗೊತ್ತಿದ್ದೂ ಏನೂ ಮಾಡಲಾಗದೆ ಕೂತವರ ಭಾರ. ಯಾರೂ ಹಿಂತಿರುಗಿ ನೋಡುವುದಿಲ್ಲ, ಯಾರೂ ನಿಮ್ಮನ್ನು ಮೆಚ್ಚಿಸುವುದಿಲ್ಲ. ಚಿತ್ರ ಬರೆದಾಗ ಅಮೃತಾಳಿಗೆ ಇನ್ನೂ ಇಪ್ಪತ್ತೆರಡು. ಆ ವಯಸ್ಸಿನಿಂದ ಆಗಷ್ಟೇ ಹೊರಬಂದವಳು. ಆ ಹತ್ತಿರ ಚಿತ್ರದಲ್ಲಿ ಕಾಣುತ್ತದೆ.

ಮುಸ್ಲಿಂ ಮನೆಗಳಲ್ಲಿ ಇದೆಲ್ಲ ಇರಲಿಲ್ಲವಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಿಜ, ನಮ್ಮ ಗೋಡೆಗಳಲ್ಲಿ ಶಕುಂತಲೆ ಇರಲಿಲ್ಲ. ಮಕ್ಕಾ ಮದೀನದ ಪಟಗಳಿದ್ದವು, ಉರ್ದು ಅಥವಾ ಅರಬಿ ಅಕ್ಷರಗಳ ಕ್ಯಾಲೆಂಡರುಗಳಿದ್ದವು. ಆದರೆ ಪಡಿಯಚ್ಚು ಗೋಡೆಯ ಮೂಲಕವೇ ಬರಬೇಕೆಂದಿಲ್ಲ. ಬೆಂಕಿಪೆಟ್ಟಿಗೆಯ ಮೇಲೆ, ಬಟ್ಟೆ ಥಾನಿನ ಲೇಬಲ್ಲಿನ ಮೇಲೆ, ಸಾಬೂನಿನ ಜಾಹೀರಾತಿನಲ್ಲಿ ಬಂತು. ಆಮೇಲೆ ಸಿನಿಮಾ ಪೋಸ್ಟರಿನಲ್ಲಿ ನಮ್ಮದೇ ವೇಷ ಹಾಕಿಕೊಂಡು ಬಂತು. 1960ರ 'ಚೌದ್‌ವೀ ಕಾ ಚಾಂದ್', 1963ರ 'ಮೇರೆ ಮೆಹಬೂಬ್' ಮುಂತಾದ ಚಿತ್ರಗಳನ್ನು ನೆನಪಿಸಿಕೊಳ್ಳಿ. ಪರದೆಯ ಅಂಚಿನಿಂದ ಇಣುಕುವ ಎರಡು ಕಣ್ಣು, ಮೆಹಂದಿ ಹಚ್ಚಿದ ಬೆರಳು. ಶಕುಂತಲೆಯ ಮುಳ್ಳಿನ ಜಾಗಕ್ಕೆ ನಖಾಬು ಬಂತು, ಅಷ್ಟೆ. ಲಕ್ನೋದ ನವಾಬರ ಹವೇಲಿಯಲ್ಲಿ ಹುಟ್ಟಿದಂತಿದ್ದ ಆ ಹುಡುಗಿಗೂ, ಬೀಡಿ ಕಟ್ಟಿ ತಮ್ಮಂದಿರನ್ನು ಓದಿಸುತ್ತಿದ್ದ ನಮ್ಮ ಕರಾವಳಿಯ ಹುಡುಗಿಗೂ ಏನು ಸಂಬಂಧ? ನಿಜವಾದ ಹುಡುಗಿ ನಮಗೆ ಸಿಗಲು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಬರುವವರೆಗೆ ಕಾಯಬೇಕಾಯಿತು. ಅವಳು ಬಂದದ್ದು ಚಿತ್ರದಲ್ಲಲ್ಲ, ಅಕ್ಷರದಲ್ಲಿ.

1973ರಲ್ಲಿ 'ಬಾಬ್ಬಿ' ಬಂತು. ಕಥೆ ಖ್ವಾಜಾ ಅಹ್ಮದ್ ಅಬ್ಬಾಸರದು. ನಾಯಕಿಗೆ ಆಗ ಹದಿನಾರು. ಈ ಸಲ ಹುಡುಗಿ ನಾಚಲಿಲ್ಲ, ಗಿಡ್ಡ ಉಡುಪು ತೊಟ್ಟು ನಕ್ಕಳು. ಜನ ಇದನ್ನು ಬಿಡುಗಡೆ ಎಂದರು. ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಒಂದೆರಡು ವರ್ಷದಲ್ಲಿ ಅದೇ ಇನ್ನೊಂದು ಪಡಿಯಚ್ಚಾಯಿತು. ಹರೆಯದವರು ಅಂದರೆ ಪ್ರೀತಿಸಿ ಓಡಿಹೋಗುವವರು ಅಂತ. ಓದುವ, ಬೇಸರಪಡುವ, ಕೆಲಸಕ್ಕೆ ಹೋಗುವ, ಅಪ್ಪನ ಸಾಲದ ಲೆಕ್ಕ ಬರೆಯುವ ಹದಿಹರೆಯದವರು ಪೋಸ್ಟರಿಗೆ ಬೇಡವಾದರು.

ಇದು ಹಳೆಯ ಕಥೆ, ಈಗೇನು ಅಂತ ಕೇಳುತ್ತೀರಾ? 2022ರ ಆರಂಭದ ತಿಂಗಳುಗಳನ್ನು ನೆನಪು ಮಾಡಿಕೊಳ್ಳಿ. ಉಡುಪಿಯ ಪಿಯು ಕಾಲೇಜಿನಲ್ಲಿ ಹಿಜಾಬಿನ ಪ್ರಶ್ನೆ ಎದ್ದು, ಗೇಟಿನ ಹೊರಗೆ ನಿಂತ ಹುಡುಗಿಯರ ಫೋಟೋಗಳು ಜಗತ್ತೆಲ್ಲ ಸುತ್ತಿದವು. ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ಕಾನೂನಿನ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಆ ಫೋಟೋಗಳಿಗೆ ಏನಾಯಿತು ಎನ್ನುವುದಷ್ಟೇ ನನ್ನ ಮಾತು. ಒಂದು ಕಡೆಯವರಿಗೆ ಆ ಹುಡುಗಿಯರು ಯಾರೋ ಹೇಳಿಕೊಟ್ಟಂತೆ ಆಡುವ ಬೊಂಬೆಗಳು. ಇನ್ನೊಂದು ಕಡೆಯವರಿಗೆ ಸಮುದಾಯದ ಮಾನ ಹೊತ್ತ ವೀರನಾರಿಯರು. ಎರಡೂ ಕಡೆಯವರಿಗೆ ಬೇಕಾದದ್ದು ಚಿತ್ರ. ನಿನಗೆ ಯಾವ ವಿಷಯ ಇಷ್ಟ, ಪ್ರಾಕ್ಟಿಕಲ್ ಪರೀಕ್ಷೆ ಏನು ಮಾಡಿದೆ, ಈ ವರ್ಷ ಹೋದರೆ ಮುಂದೇನು ಅಂತ ಕೇಳಿದವರು ಎಷ್ಟು ಜನ? ಹದಿನೇಳರ ಹುಡುಗಿಯೊಬ್ಬಳನ್ನು ಒಂದು ಫೋಟೋದಲ್ಲಿ ನಿಲ್ಲಿಸಿಬಿಟ್ಟರೆ ಅವಳು ಆಮೇಲೆ ಅದರಿಂದ ಇಳಿದು ಬಸ್ಸು ಹತ್ತಿ ಮನೆಗೆ ಹೋಗುವುದೂ ಕಷ್ಟ.

ರವಿವರ್ಮನ ಪ್ರೆಸ್ಸು 1972ರಲ್ಲಿ ಬೆಂಕಿಗೆ ಸಿಕ್ಕಿತು. ಎಷ್ಟೋ ಮೂಲ ಪ್ರತಿಗಳು ಸುಟ್ಟುಹೋದವು. ಚಿತ್ರಗಳಿಗೆ ಅದರಿಂದ ಏನೂ ಆಗಲಿಲ್ಲ, ಅವು ಅಷ್ಟರಲ್ಲಿ ಎಲ್ಲೆಲ್ಲೂ ಇದ್ದವು.

ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಗೂ ಹೋಗಿ ಬನ್ನಿ. ಅಲ್ಲಿ ದೀಪ ಹಿಡಿದ ಹುಡುಗಿಯ ಒಂದು ಚಿತ್ರವಿದೆ. ಬೆರಳುಗಳ ನಡುವಿನಿಂದ ಬೆಳಕು ಕೆಂಪಾಗಿ ಹಾಯುತ್ತದೆ. ತುಂಬಾ ಜನ ಅದನ್ನೂ ರವಿವರ್ಮನದೇ ಎಂದುಕೊಳ್ಳುತ್ತಾರೆ, ಅಷ್ಟರ ಮಟ್ಟಿಗೆ ಅವನ ಅಚ್ಚು ನಮ್ಮ ಕಣ್ಣಿಗೆ ಬಿದ್ದಿದೆ. ಬರೆದದ್ದು ಮುಂಬೈಯ ಎಸ್.ಎಲ್. ಹಲ್ದಣಕರ್. ದೀಪ ಹಿಡಿದು ನಿಂತದ್ದು ಅವರ ಮಗಳು. ಆಕೆ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಾಗ ವಯಸ್ಸು 102. ಚಿತ್ರದಲ್ಲಿ ಅವಳಿಗೆ ಒಂದೇ ವಯಸ್ಸು. ಬದುಕಿನಲ್ಲಿ ನೂರಕ್ಕೂ ಹೆಚ್ಚು ವರ್ಷ. ಅದರ ಮುಂದೆ ನಿಂತಾಗ ನಿಮ್ಮ ಮಗಳಿಗೆ ಈ ಮಾತು ಹೇಳಿ. ಆಮೇಲೆ, ದೀಪ ಕೆಳಗಿಟ್ಟ ಮೇಲೆ ಆ ಹುಡುಗಿ ಏನು ಮಾಡಿರಬಹುದು ಅಂತ ಅವಳನ್ನೇ ಕೇಳಿ ನೋಡಿ. ನಿಮಗಿಂತ ಚೆನ್ನಾಗಿ ಅವಳಿಗೆ ಗೊತ್ತಿರುತ್ತದೆ.